ನೂರ ನಲವತ್ತು ಗಂಟು

ಖಟ್.

ಸಣ್ಣ ಸದ್ದು. ರಾತ್ರಿ ಎರಡು ದಾಟಿತ್ತು. ದೀಪಾಲಿ ಹಾಸಿಗೆಯಲ್ಲೇ ಕಿವಿಗೊಟ್ಟಳು. ಇಲಿಯಿರಬೇಕು ಅಂದುಕೊಂಡವಳು ಬೀಜದ ಡಬ್ಬಿ ನೆನಪಾಗಿ ಎದ್ದು ಕೂತಳು. ಮತ್ತೆ ಖಟ್. ಇಲಿಯಲ್ಲ. ಯಾರೋ ಒಂದರ ಹಿಂದೊಂದು ಬೀಗ ತೆಗೆಯುತ್ತಿದ್ದರು.

ಪಡಸಾಲೆಗೆ ಬಂದರೆ ಅತ್ತೆ ಕಸ್ತೂರಿಬಾಯಿ ಕೀಲಿಗೊಂಚಲು ಹಿಡಿದು ಟ್ರಂಕಿನ ಮುಂದೆ ಕೂತಿದ್ದರು. ಕಪಾಟು ತೆರೆದಿತ್ತು. ಜೋಳದ ಚೀಲಕ್ಕೆ ಕಟ್ಟಿದ್ದ ಸುತಳಿ ಬಿಚ್ಚಿ ನೆಲದ ಮೇಲೆ ಬಿದ್ದಿತ್ತು.

"ಏನ್ರಿ ಅತ್ತಿ ಇದು, ಇಷ್ಟೊತ್ತಿನ್ಯಾಗ?"

"ಪೂನಂಗ ಬ್ಯಾನಿ ಶುರು ಆಗ್ಯಾವ. ನೀ ಮೊದಲ ಜಡಿ ಬಿಚ್ಚು."

ನಾದಿನಿ ಪೂನಂ ಚೊಚ್ಚಲ ಹೆರಿಗೆಗೆಂದು ಬಸವಕಲ್ಯಾಣದ ಗಂಡನ ಮನೆಯಿಂದ ಘಾಟಬೋರಾಳದ ತವರಿಗೆ ಬಂದು ಎರಡು ತಿಂಗಳಾಗಿತ್ತು. ಹೆರಿಗೆ ನೋವು ಶುರುವಾದ ಮನೆಯಲ್ಲಿ ಗಂಟೊಂದೂ ಉಳಿಯಬಾರದು, ಬೀಗವೊಂದೂ ಹಾಕಿರಬಾರದು. ಕಟ್ಟಿದ್ದೆಲ್ಲ ಬಿಚ್ಚಿಕೊಂಡರೆ ಕೂಸಿನ ದಾರಿಯೂ ಬಿಚ್ಚಿಕೊಳ್ಳುತ್ತದೆ. ಇದು ಕಸ್ತೂರಿಬಾಯಿಯ ತಾಯಿ ಮಾಡಿದ್ದು, ಅವರ ತಾಯಿಯೂ ಮಾಡಿದ್ದು. ದೀಪಾಲಿ ಸಸ್ಯಶಾಸ್ತ್ರ ಓದಿ ಪದವಿ ಪಡೆದವಳು. ಆದರೂ ಆ ಹೊತ್ತಿನಲ್ಲಿ ಮರುಮಾತಾಡದೆ ಜಡೆ ಬಿಚ್ಚಿದಳು.

ಕಟ್ಟೆಯ ಮೇಲೆ ಎದ್ದು ಕೂತ ಮಾವ ಬಕ್ಕಪ್ಪ ಕೇಳಿದರು, "ನನ್ನ ಧೋತ್ರದ ಗಂಟೂ ಬಿಚ್ಚಬೇಕೇನ?"

"ನೀವು ಬಿಚ್ಚಿದ್ರ ಕೂಸು ಹೆದರಿ ಹೊರಗs ಬರಂಗಿಲ್ಲ. ಸುಮ್ನ ಕೂಡ್ರಿ," ಎಂದರು ಕಸ್ತೂರಿಬಾಯಿ.

ನೋವಿನಲ್ಲೂ ಪೂನಂ ನಕ್ಕಳು. ದೀಪಾಲಿಯ ಗಂಡ ವೀರಭದ್ರ ಗಾಡಿ ತಂದ. ಹುಮನಾಬಾದಿನ ದವಾಖಾನೆಗೆ ನಾದಿನಿಯ ಜೊತೆ ದೀಪಾಲಿಯೇ ಹೊರಟಳು, ಬಿಚ್ಚುಗೂದಲಲ್ಲೇ. ಮಂಡಿ ನೋವಿನ ಕಸ್ತೂರಿಬಾಯಿ ಬಾಗಿಲಲ್ಲಿ ನಿಂತರು.

ದವಾಖಾನೆಯಲ್ಲಿ ಬೆಳಗಾಯಿತು. ಆರು ಗಂಟೆಗೆ ದೀಪಾಲಿ ಮನೆಗೆ ಫೋನ್ ಮಾಡಿದಳು.

"ಇನ್ನೂ ಆಗಿಲ್ರಿ ಅತ್ತಿ. ತಡ ಆಗ್ತದ ಅನ್ನಾಕತ್ತಾರ."

ಆ ಕಡೆ ಬರೀ ಉಸಿರು. ಅತ್ತೆ ಅಳುತ್ತಿದ್ದಾರೆಂದು ಅವಳಿಗೆ ತಿಳಿಯಿತು. ಒಂಚೂರು ನಗಿಸೋಣವೆಂದು ಅಂದಳು, "ಎಲ್ಲರೆ ಒಂದು ಗಂಟು ಉಳದಿರಬೇಕು ನೋಡ್ರಿ."

ಅಂದದ್ದನ್ನು ಅವಳು ಅಲ್ಲೇ ಮರೆತಳು. ಹತ್ತು ಗಂಟೆಗೆ ಹೆರಿಗೆಯಾಯಿತು. ಹೆಣ್ಣು ಕೂಸು. ಹೊಕ್ಕುಳ ಬಳ್ಳಿ ಕೊರಳಿಗೆ ಎರಡು ಸುತ್ತು ಸುತ್ತಿಕೊಂಡಿತ್ತು. ನೀಲಿಗಟ್ಟಿದ ಕೂಸು ಎಷ್ಟೋ ಹೊತ್ತು ಅಳಲೇ ಇಲ್ಲ. ಕೊನೆಗೆ ಅತ್ತದ್ದು ಹೊರಗೆ ನಿಂತಿದ್ದ ದೀಪಾಲಿಗೆ ಕೇಳಿಸಿತು. ಕೂಡಲೇ ಮನೆಗೆ ಫೋನ್ ಮಾಡಿದಳು.

*

ಅವಳು ಹೊಲಕ್ಕೆ ಕಾಲಿಟ್ಟದ್ದು ಮರುದಿನ ಬೆಳಿಗ್ಗೆ.

ಹೊಲವೆಂದರೆ ಮನೆಯ ಹಿತ್ತಲಿಗೆ ಹತ್ತಿದ ಅರ್ಧ ಎಕರೆ. ಅಲ್ಲಿ ಅವಳು ಆರು ಬೆಳೆಯಿಂದ ನೇರಳೆ ಮೆಕ್ಕೆಜೋಳ ಬೆಳೆಸುತ್ತಿದ್ದಳು. ಸಂಶೋಧನಾ ಕೇಂದ್ರದ ಶಾಯಿಸ್ತಾ ಮೇಡಂ ಕೃಷಿಮೇಳದಲ್ಲಿ ಕೊಟ್ಟ ಒಂದು ಹಿಡಿ ಬೀಜದಿಂದ ಶುರುವಾದದ್ದು. ಆ ನೇರಳೆ ಬಣ್ಣದಲ್ಲೇ ಮೈ ಸವೆಯದಂತೆ ಕಾಯುವ ಗುಣವಿದೆ, ಬಣ್ಣ ಗಾಢವಾದಷ್ಟೂ ಗುಣ ಹೆಚ್ಚು ಎಂದು ಮೇಡಂ ಹೇಳಿದ್ದರು. ಪ್ರತಿ ಬೆಳೆಯಲ್ಲೂ ಅತಿ ಗಾಢವಾದ ತೆನೆಗಳನ್ನಷ್ಟೇ ಬೀಜಕ್ಕಿಟ್ಟು ಮುಂದಿನ ಬೆಳೆ ಹಾಕುತ್ತ ಬಂದಿದ್ದಳು. ವೀರಭದ್ರನಿಗೆ ಹುಮನಾಬಾದಿನಲ್ಲಿ ಔಷಧಿ ಅಂಗಡಿ. ಅಲ್ಲಿಂದ ಬಂದ ಖಾಲಿ ಬಾಟಲಿಗಳಲ್ಲಿ ನಿಂಬೆರಸದ ನೀರು ಹಾಕಿ, ಒಂದೊಂದು ತೆನೆಯ ಹತ್ತು ಕಾಳು ಜಜ್ಜಿ ನೆನೆಸಿ, ಕಿಟಕಿಯ ಮೇಲೆ ಸಾಲಾಗಿ ಇಡುತ್ತಿದ್ದಳು. ಯಾವ ಬಾಟಲಿಯ ನೀರು ಎಲ್ಲಕ್ಕಿಂತ ಕೆಂಪೋ ಆ ತೆನೆ ಗೆದ್ದಂತೆ. ಮೊದಲ ಬೆಳೆಯಲ್ಲಿ ಗುಲಾಬಿ ಷರಬತ್ತಿನಂತಿದ್ದ ನೀರು ಈಗ ಬಾಟಲಿಯ ಆಚೆ ಬೆರಳು ಕಾಣದಷ್ಟು ದಟ್ಟವಾಗಿತ್ತು. ಗೆಲ್ಲದ ತೆನೆಗಳ ಹಿಟ್ಟಿನಲ್ಲಿ ಕಸ್ತೂರಿಬಾಯಿ ರೊಟ್ಟಿ ಬಡಿದರೆ ಬಕ್ಕಪ್ಪ ತಾಟಿನಲ್ಲಿ ಅದನ್ನು ತಿರುಗಿಸಿ ನೋಡುತ್ತಿದ್ದರು.

"ಯಾರ ಸೀರಿ ಬಣ್ಣ ಬಿಟ್ಟದ ಇದಕ್ಕ?"

ಮೆಕ್ಕೆಜೋಳದ ಪರಾಗ ಗಾಳಿಯಲ್ಲಿ ಹಾರುತ್ತದೆ. ಬದುವಿನಾಚೆ ಪೀರ್ ಪಾಷಾ ಅವರ ಎರಡು ಎಕರೆ ಹಳದಿ ಮೆಕ್ಕೆಜೋಳ, ಕೋಳಿ ಫಾರಂಗೆ ಹೋಗುವಂಥದ್ದು. ಅದರ ಪರಾಗ ಬಿದ್ದರೆ ಕಾಳಿಗೆ ನೇರಳೆ ಬಣ್ಣವೇ ಏರದೆ ಹೋಗಬಹುದು. ಅದಕ್ಕೇ ಎಳೆತೆನೆ ಕೂದಲು ಬಿಡುವ ಮೊದಲೇ ದೀಪಾಲಿ ಒಂದೊಂದಕ್ಕೂ ಬೆಣ್ಣೆಕಾಗದದ ಚೀಲ ತೊಡಿಸಿ, ದಾರದಿಂದ ಜೀರುಗಂಟು ಹಾಕುತ್ತಿದ್ದಳು. ಎಳೆದರೆ ಬಿಚ್ಚಬೇಕು, ಯಾಕೆಂದರೆ ಬೆಳಿಗ್ಗೆ ಚೀಲ ತೆಗೆದು, ಅದೇ ಗಿಡದ ತುದಿಯ ಪರಾಗ ಉದುರಿಸಿ, ಮತ್ತೆ ಕಟ್ಟಬೇಕು. ಈ ಸಲ ನೂರ ನಲವತ್ತು ಗಿಡ. ಕಟ್ಟಲು ಬಿಚ್ಚಲು ಜೊತೆಗೆ ಊರ ಮೀರಾಬಾಯಿ.

ಅಂದು ಮೀರಾಬಾಯಿ ಮುಂದಿನ ಸಾಲಿನಿಂದ ಕೂಗಿದಳು, "ದೀಪಕ್ಕಾ, ಗಂಟು ಭಾಳ ಬಿಗಿ ಆಗ್ಯಾವ. ಹಲ್ಲ ಹಚ್ಚಿದ್ರೂ ಬಿಚ್ಚವಲ್ಲವು."

"ನಿನ್ನಿ ಹನಿ ಬಿದ್ದದಲ್ಲ, ದಾರ ತೊಯ್ದಿರಬೇಕು. ಕತ್ತರಿಸು. ಬೇರೆ ದಾರ ಅದ."

ಎರಡು ರಾತ್ರಿ ನಿದ್ದೆಗೆಟ್ಟ ದೀಪಾಲಿ ಅತ್ತ ತಿರುಗಿಯೂ ನೋಡಲಿಲ್ಲ. ಕುಡುಗೋಲಿನಿಂದ ದಾರ ಕತ್ತರಿಸುತ್ತ ಹೋದ ಮೀರಾಬಾಯಿ, ಏನನ್ನೂ ಬಿಸಾಡಿ ಗೊತ್ತಿಲ್ಲದವಳು, ತುಂಡುಗಳನ್ನೆಲ್ಲ ಒಂದು ಹಳೇ ಬಿಸ್ಕತ್ತಿನ ಡಬ್ಬಿಗೆ ತುರುಕಿದಳು.

*

ಮನೆಯಲ್ಲೀಗ ಬಾಣಂತಿಯ ಆರೈಕೆ. ಅಳ್ವಿ ಪಾಯಸ, ಅಂಟಿನುಂಡಿ, ಸಬ್ಬಸಿಗೆ ಪಲ್ಯ. ಬೆಳಿಗ್ಗೆ ಹೊಲ, ಆಮೇಲೆ ಎರಡು ಹೊತ್ತಿನ ಅಡಿಗೆ, ನಡುವೆ ಕೂಸಿನ ಬಟ್ಟೆ. ದೀಪಾಲಿಯ ದಿನ ಹೀಗೆ ಹೋಯಿತು. ಹದಿಮೂರನೇ ದಿನ ತೊಟ್ಟಿಲಿಗೆ ಹಾಕಿದರು.

ಅಂದು ಊಟಕ್ಕೆ ಕೂತಾಗ ಬಕ್ಕಪ್ಪ ಬೀಗರ ಮುಂದೆಯೇ ಮಾತು ತೆಗೆದರು.

"ಈ ಬೆಳಿನs ಕಡಿಗಿ, ನೋಡವಾ. ಆರು ಬೆಳಿ ಬಿಟ್ಟುಕೊಟ್ಟೀನಿ. ನೀರು ಹರಿಯೋ ಹೊಲ ಅದು."

"ಮೇಡಂ ದಸರಾ ಆದ ಮ್ಯಾಲ ಬರ್ತಾರ ಮಾವಾ. ಬೀಜ ಶುದ್ಧ ಅದ ಅಂತ ಅವ್ರು ಒಪ್ಪಿ ಒಯ್ದ್ರ ನಾಕು ಜಿಲ್ಲಾದಾಗ ಹಾಕಿ ನೋಡ್ತಾರ. ನಮ್ಮ ಮನಿ ಹೆಸರಿನ್ಯಾಗ."

"ಒಯ್ದ್ರ ಹೊಲ ನಿಂದು, ನಾ ಆ ಕಡಿ ಹಾಯಂಗಿಲ್ಲ. ಒಯ್ಯಲಿಲ್ಲಂದ್ರ ಕಡ್ಲಿ ಬಿತ್ತತೇನಿ. ಮುಂದ ಮಿರಗದ ಮಳಿಗಿ ತೊಗರಿ. ಆಮ್ಯಾಲ ಮಾತಿಲ್ಲ."

"ಆತು ಮಾವಾ."

ವೀರಭದ್ರ ತಾಟಿನಿಂದ ತಲೆಯೆತ್ತಲಿಲ್ಲ. ರಾತ್ರಿ ಅಂದ, "ನೀ ಹಂಗ ಒಪ್ಪಬಾರದಾಗಿತ್ತು. ಅಪ್ಪ ಆಡಿದ ಮಾತು ನುಂಗವ ಅಲ್ಲ."

"ನಾನೂ ಅಲ್ಲ," ಎಂದಳು. ಅವಳಿಗೆ ಭರವಸೆಯಿತ್ತು.

*

ಶಾಯಿಸ್ತಾ ಮೇಡಂ ಬಂದದ್ದು ಅಕ್ಟೋಬರಿನ ಕೊನೆಗೆ. ಅಂಗಳದಲ್ಲಿ ಖುರ್ಚಿ ಹಾಕಿ ಚಹಾ, ಚೂಡಾ ಕೊಟ್ಟರು. ಬಕ್ಕಪ್ಪ ರುಮಾಲು ಸುತ್ತಿಕೊಂಡು ಕೂತರು. ಪೂನಂ ಕೂಸನ್ನೆತ್ತಿಕೊಂಡು ಹೊಸ್ತಿಲಲ್ಲಿ ನಿಂತಳು. ಮೀರಾಬಾಯಿ ತೆನೆಯ ಬುಟ್ಟಿ ತಂದಿಟ್ಟಳು. ಸಂಪ್ರದಾಯದಂತೆ ಮೊದಲ ತೆನೆಗೆ ಕಸ್ತೂರಿಬಾಯಿ ಕುಂಕುಮ ಹಚ್ಚಿ, ಅಡಿಗೆ ನೋಡಲು ಒಳಗೆ ಹೋದರು.

ದೀಪಾಲಿ ಸಿಪ್ಪೆ ಸುಲಿದಳು.

ಸುಲಿದವಳು ಹಾಗೇ ನಿಂತಳು. ಕಡುನೇರಳೆ ಕಾಳುಗಳ ನಡುವೆ ಅಲ್ಲೊಂದು ಇಲ್ಲೊಂದು, ಕಪ್ಪು ವಸಡಿನಲ್ಲಿ ಹಲ್ಲು ಮೂಡಿದಂತೆ, ಹಳದಿ ಕಾಳು.

ಇದೊಂದು ಕೆಟ್ಟಿರಬೇಕು ಎಂದು ಎರಡನೆಯದನ್ನು ಸುಲಿದಳು. ಹಳದಿ. ಮೂರನೆಯದು. ಹಳದಿ. ಆಮೇಲೆ ಉಗುರು ಸಂದಿಯಲ್ಲಿ ರಕ್ತ ಬಂದರೂ ಗೊತ್ತಾಗದೆ ಸುಲಿಯುತ್ತಲೇ ಹೋದಳು. ಸಿಪ್ಪೆ ಹರಿಯುವ ಸದ್ದು, ಪಕ್ಕದಲ್ಲಿ ಆರುತ್ತಿದ್ದ ಚಹಾ. ಒಂದರಲ್ಲಿ ಐದು ಕಾಳು, ಒಂದರಲ್ಲಿ ಐವತ್ತು. ಬುಟ್ಟಿ ಬರಿದಾಯಿತು. ಶುದ್ಧವಾದ ತೆನೆ ಒಂದೂ ಇರಲಿಲ್ಲ.

"ಹೊರಗಿನ ಪರಾಗ ಬಿದ್ದದ," ಎಂದರು ಮೇಡಂ ಮೆಲ್ಲಗೆ. ಅವರ ಕಣ್ಣು ಬದುವಿನಾಚೆಯ ಕೂಳೆಯ ಕಡೆಗಿತ್ತು. "ಒಂದೆರಡು ಚೀಲ ಹರಿದ್ರ ಹಿಂಗಾಗಂಗಿಲ್ಲ ದೀಪಾಲಿ. ಎಲ್ಲಾ ಚೀಲ ಏಕದಮ್ ತೆರೆದಿರಬೇಕು. ಅದೂ ಬೆಳಿಗ್ಗೆ, ಪರಾಗ ಹಾರೋ ಹೊತ್ತಿನ್ಯಾಗ."

"ಇಲ್ಲ ಮೇಡಂ. ನಾ ಕಟ್ಟೀನಿ. ದಿನಾ ನಾನs ಕಟ್ಟೀನಿ."

"ಅದಕ್ಯಾಕ ಅಷ್ಟು ಫಿಕರ್?" ಬಕ್ಕಪ್ಪ ಒಂದು ತೆನೆ ಎತ್ತಿಕೊಂಡರು. "ಹಳದಿ ಆರಿಸಿ ತೆಗಿ, ಕರೇದು ಕೊಡು."

"ಆಗಂಗಿಲ್ಲ ಮಾವಾ. ಕರೇ ಕಾಣೋ ಕಾಳಿನ್ಯಾಗೂ ಹೊರಗಿಂದು ಸೇರಿರಬಹುದು. ಮುಂದಿನ ಬೆಳ್ಯಾಗ ಹೊರಗ ಬೀಳ್ತದ." ಹೇಳುತ್ತಿದ್ದ ದನಿ ತನ್ನದೇ ಎಂದು ದೀಪಾಲಿಗೆ ಅನ್ನಿಸಲಿಲ್ಲ.

ಮೇಡಂ ಬರಿಗೈಯಲ್ಲಿ ಹೋದರು. ಗಾಡಿಯ ಧೂಳು ಅಡಗುವ ಮೊದಲೇ ಬಕ್ಕಪ್ಪ ಮೀರಾಬಾಯಿಯತ್ತ ತಿರುಗಿದರು.

"ಏನ್ ಮಾಡಿದಿ ಖರೆ ಹೇಳು. ಇಕಿ ದವಾಖಾನ್ಯಾಗಿದ್ದ ದಿನ ನೀ ಬಂದಿದ್ದಿ ಏನ್ ಹೊಲಕ್ಕ?"

"ಇಲ್ರಿ ಸಾಹುಕಾರ್ರ. ದೀಪಕ್ಕ ಬ್ಯಾಡಂದಿದ್ರು, ಬರಲಿಲ್ಲ."

"ಮತ್ತ ಚೀಲಕ್ಕ ಕೈಕಾಲು ಬಂದು ತಾವs ಬಿಚ್ಚಿಕೊಂಡುವೇನ? ಕೂಲ್ಯಾರ ಕೈಗೆ ಕೊಟ್ರ ಇದs ಹಣೇಬಾರ. ನಾಳಿಂದ ನೀ ಬರಬ್ಯಾಡ."

"ಮಾವಾ!" ಎಂದಳು ದೀಪಾಲಿ.

ಮೀರಾಬಾಯಿ ಸೆರಗು ಕೊಡವಿ ಎದ್ದಳು. "ಮೂರು ವರ್ಷ ನಿಮ್ಮ ಹೊಲದ ತೆನಿಗೆ ಕುಂಚಿಗಿ ಕಟ್ಟೀನಿ ಸಾಹುಕಾರ್ರ, ನನ್ನ ಮಕ್ಕಳಿಗೂ ಅಷ್ಟು ಕಟ್ಟಿಲ್ಲ. ನೀವು ಬ್ಯಾಡಂದ್ರ ಬ್ಯಾಡ. ಆದ್ರ ಕಳ್ಳಿ ಅನ್ನಬ್ಯಾಡ್ರಿ." ಹೋಗುವಾಗ ದೀಪಾಲಿಯ ಮುಂದೆ ನಿಂತಳು. "ಆ ಬಿಸ್ಕಿಟ್ ಡಬ್ಬಿ ತೆಗದು ನೋಡು ದೀಪಕ್ಕ. ಅವು ನನ್ನ ಗಂಟಲ್ಲ. ನಿನ್ನವೂ ಅಲ್ಲ."

*

ಡಬ್ಬಿಯನ್ನು ದೀಪಾಲಿ ಅಂದೇ ಸುರಿದು ನೋಡಿದಳು. ದಾರದ ತುಂಡುಗಳು, ಒಂದೊಂದರಲ್ಲೂ ಗಂಟು ಹಾಗೇ ಇತ್ತು. ಎರಡು ಸುತ್ತಿನ ಗಟ್ಟಿ ಗಂಟು, ತುದಿಯನ್ನು ಅಚ್ಚುಕಟ್ಟಾಗಿ ಒಳಗೆ ಸಿಕ್ಕಿಸಿದ್ದು. ಅಂದರೆ ಯಾರೋ ಚೀಲ ಬಿಚ್ಚಿದ್ದಷ್ಟೇ ಅಲ್ಲ, ಒಂದೊಂದನ್ನೂ ಮತ್ತೆ ಕಟ್ಟಿಹೋಗಿದ್ದಾರೆ. ಹಾಳು ಮಾಡಲು ಬಂದವರು ಇಷ್ಟು ಅಕ್ಕರೆಯಿಂದ ಯಾಕೆ ಕಟ್ಟುತ್ತಾರೆ?

ವೀರಭದ್ರನಿಗೆ ತೋರಿಸಿದಳು.

"ಪೀರ್ ಪಾಷಾ ಚಾಚಾ ಏನರೆ..." ಎಂದ ಅವನು.

"ಛೀ. ಅವ್ರು ನನ್ನ ಬೀಜ ಬದುಕಲಿ ಅಂತ ಎರಡು ಸಾಲು ಬಿಟ್ಟು ಬಿತ್ತಿದಾರ್ರಿ."

"ಮತ್ತ ಯಾರು? ದೆವ್ವ ಬಂದು ಕಟ್ಟಿಹೋತೇನ?"

ಹದಿನೈದು ದಿನ ಮನೆಯಲ್ಲಿ ಮಾತು ಕಮ್ಮಿಯಾಯಿತು. ಬಕ್ಕಪ್ಪ ಕಡಲೆ ಬೀಜ ತಂದು ಪಡಸಾಲೆಯಲ್ಲಿಟ್ಟರು, ಎಲ್ಲರ ಕಣ್ಣಿಗೆ ಬೀಳುವಂತೆ. ದೀಪಾಲಿ ಕಿಟಕಿಯ ಬಾಟಲಿಗಳನ್ನು ತೊಳೆದು ಬೋರಲು ಹಾಕಿದಳು. ಹೋದ ಬೆಳೆಯ ಬೀಜ ಎರಡು ಹಿಡಿ ಮಾತ್ರ ಡಬ್ಬಿಯಲ್ಲಿ ಉಳಿದಿತ್ತು. ಅದನ್ನು ಹಾಕಲು ನೆಲವಿರಲಿಲ್ಲ. ರೊಟ್ಟಿ ಬಡಿಯುವಾಗ, ನೀರು ಸೇದುವಾಗ ಎಲ್ಲರ ಕೈಗಳನ್ನೇ ನೋಡುತ್ತಿದ್ದಳು.

ದೀಪಾವಳಿಯಾದ ಮೇಲೆ, ಮೂರು ತಿಂಗಳು ತುಂಬಿದ ಕೂಸಿನೊಂದಿಗೆ ಪೂನಂ ಬಸವಕಲ್ಯಾಣಕ್ಕೆ ಹೊರಟಳು. ಕಸ್ತೂರಿಬಾಯಿ ಅಂಟಿನುಂಡಿಯ ಬುತ್ತಿ ಕಟ್ಟುತ್ತಿದ್ದರು. ಬಿಳಿ ಅರಿವೆಯ ನಾಲ್ಕು ಮೂಲೆ ಎಳೆದು, ಎರಡು ಸುತ್ತು ಸುತ್ತಿ, ಬಿಗಿದು, ತುದಿಯನ್ನು ಬೆರಳಿನಿಂದ ಒಳಗೆ ಸಿಕ್ಕಿಸಿದರು.

ದೀಪಾಲಿಯ ಕೈಯಲ್ಲಿದ್ದ ಕುಂಕುಮದ ಬಟ್ಟಲು ಜಾರಿ ನೆಲಕ್ಕೆ ಬಿತ್ತು.

"ಏನಾತು ವೈನಿ?" ಎಂದಳು ಪೂನಂ.

"ಏನಿಲ್ಲ. ಕೈ ಜಾರಿತು."

ಗಾಡಿ ಹೋಯಿತು. ಅಡಿಗೆಮನೆಯಲ್ಲಿ ಇಬ್ಬರೇ ಉಳಿದಾಗ ದೀಪಾಲಿ ಕೇಳಿದಳು. ದನಿ ಏರದಂತೆ ಒಂದೊಂದೇ ಮಾತನ್ನು ನೋಡಿ ನೋಡಿ ಇಟ್ಟಳು.

"ಬುತ್ತಿಗಂಟು ಭಾಳ ಚೆಂದ ಹಾಕ್ತೀರಿ ಅತ್ತಿ. ಯಾರು ಕಲಿಸಿದ್ರು?"

"ನಮ್ಮವ್ವ. ಮೋರಖಂಡಿಯಿಂದ ಎತ್ತಿನ ಗಾಡ್ಯಾಗ ಬುತ್ತಿ ಬಂದ್ರ ದಾರ್‍ಯಾಗ ಎಷ್ಟು ಕುಲುಕಿದ್ರೂ ಬಿಚ್ಚತಿರಲಿಲ್ಲ."

"ಪೂನಂ ಹಡೆದ ದಿನ... ಹಿತ್ತಲ ಹೊಲಕ್ಕ ಹೋಗಿದ್ರೇನ್ರಿ?"

ಕಸ್ತೂರಿಬಾಯಿಯ ಮುಖದಲ್ಲಿ, ಸಿಕ್ಕಿಬಿದ್ದ ಹುಡುಗಿಯಂಥ ನಗೆ ಬಂತು. "ಯಾರು ಹೇಳಿದ್ರು? ನಾ ಯಾರ ಮುಂದೂ ಅಂದಿಲ್ಲ. ನಿನಗ ಸಿಟ್ಟು ಬರ್ತದಂತ. ನಿನ್ನ ಚೀಲಕ್ಕ ಯಾರೂ ಕೈ ಹಚ್ಚಬಾರದಲ್ಲ."

"ಇಲ್ಲ, ಸಿಟ್ಟಿಲ್ಲ. ಹೇಳ್ರಿ."

"ಮನ್ಯಾಗಿಂದೆಲ್ಲಾ ರಾತ್ರಿನs ಬಿಚ್ಚಿದ್ದೆ. ಬೀಗ, ಸುತಳಿ, ದನದ ದಾವಣಿ ಕಣ್ಣಿ, ಎಲ್ಲಾ. ಆದ್ರೂ ಆಗವಲ್ದು. ಬೆಳಿಗ್ಗಿ ನೀನs ಪೋನ್ ಮಾಡಿ ಅಂದಿ ನೋಡು, ಎಲ್ಲರೆ ಒಂದು ಗಂಟು ಉಳದಿರಬೇಕು ಅಂತ. ಅಂದಕೂಡ್ಲೆ ಹೊಳೀತು ನೋಡವಾ! ಅಯ್ಯೋ ಶಿವನ, ಹಿತ್ತಲದಾಗ ಹೊಟ್ಟಿ ಉಬ್ಬಿ ನಿಂತ ನೂರಾರು ಗಿಡ, ಎಲ್ಲಾಕೂ ಗಂಟು. ಈ ಮಂಡಿ ಹೊತಗೊಂಡು ಹೋದೆ. ಒಂದೊಂದು ಬಿಚ್ಚೀನಿ, ಒಂದೊಂದು ಎಣಿಸೀನಿ. ನೂರ ನಲವತ್ತು. ಕಡೀ ಗಂಟು ಬಿಚ್ಚಿ ಸೊಂಟ ನೆಟ್ಟಗ ಮಾಡೀನಿ, ಪೋನ್ ಬಂತು. ಕೂಸು ಅತ್ತದ ಅಂತ. ಕೊರಳಾಗ ಎರಡು ಸುತ್ತು ಇತ್ತಂತ, ಬಿಚ್ಚಿದ್ರಂತ." ಸೆರಗಿನಿಂದ ಕಣ್ಣೊರೆಸಿಕೊಂಡರು. "ಆಮ್ಯಾಲ ಎಲ್ಲಾ ಮತ್ತ ಕಟ್ಟೀನಿ. ನಿನಗಿಂತ ಗಟ್ಟಿ ಕಟ್ಟೀನಿ. ಆ ಮೀರಾಬಾಯಿ ಕೈಯಾಗ ಹ್ಯಾಂಗ ಕೆಟ್ಟವೋ ಏನೋ."

ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ದೀಪಾಲಿ ನಿಂತಲ್ಲೇ ನಿಂತಳು. ಆರು ಗಂಟೆಗೆ ಫೋನು. ಹತ್ತು ಗಂಟೆಗೆ ಕೂಸು. ಆ ಹೊತ್ತಿನಲ್ಲಿ ಬದುವಿನಾಚೆಯಿಂದ ಹಳದಿ ಧೂಳು ಹಾರುತ್ತಿತ್ತು. ಅತ್ತೆಯನ್ನು ಹೊಲಕ್ಕೆ ಕಳುಹಿಸಿದವಳು ತಾನೇ. ನಗಿಸಲೆಂದು ಆಡಿದ ಒಂದು ಮಾತು.

ಕೆಟ್ಟದ್ದು ಹೀಗೆ ಅತ್ತಿ, ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕಸ್ತೂರಿಬಾಯಿ ಮಂಡಿ ಒತ್ತಿಕೊಳ್ಳುತ್ತ, ಮೊಮ್ಮಗಳ ಖಾಲಿ ತೊಟ್ಟಿಲ ಕಡೆ ನೋಡುತ್ತ ಇನ್ನೂ ನಗುತ್ತಿದ್ದರು. ದೀಪಾಲಿ ಬಾಯಿ ಮುಚ್ಚಿಕೊಂಡಳು.

*

ಸಂಜೆ ಮೀರಾಬಾಯಿಯ ಮನೆಗೆ ಹೋದಳು. ಅವಳು ಅಂಗಳದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು, ಮೊರದಿಂದ ಮುಖ ಎತ್ತಲಿಲ್ಲ.

"ತಪ್ಪು ನಂದು ಮೀರಾಬಾಯಿ. ಇವತ್ತು ತಿಳೀತು. ಮನ್ಯಾಗೂ ಹೇಳ್ತೇನಿ."

"ಗಂಟು ಯಾರದು?"

"ನಂದs ಅಂತ ತಿಳಕೋ."

"ನಿನ್ನ ಗಂಟು ನನಗ ಗೊತ್ತಿಲ್ಲೇನ ದೀಪಕ್ಕ?" ಮೀರಾಬಾಯಿ ಈಗ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. ಮೊರದಲ್ಲಿ ಎರಡು ಸಲ ಕೇರಿದಳು. "ಆತು. ನನ್ನ ಹೆಸರು ಹಸನಾದ್ರ ಸಾಕು. ಚಹಾ ಮಾಡ್ಲೇನ?"

ರಾತ್ರಿ ಗಂಡಸರು ಉಣ್ಣಲು ಕೂತಿದ್ದರು, ಕಸ್ತೂರಿಬಾಯಿ ಬಡಿಸುತ್ತಿದ್ದರು. ಪುಂಡಿಪಲ್ಯ, ಬಿಳಿ ಜೋಳದ ರೊಟ್ಟಿ. ದೀಪಾಲಿ ಗೋಡೆಗೆ ಆತು ನಿಂತು ಹೇಳಿದಳು.

"ಮಾವಾ, ಮೀರಾಬಾಯಿದು ಏನೂ ತಪ್ಪಿಲ್ಲ. ಬೀಜ ಕೆಟ್ಟಿದ್ದಕ್ಕ ಕಾರಣ ನಾನು."

ಬಕ್ಕಪ್ಪನವರ ಕೈಯ ತುತ್ತು ನಿಂತಿತು. "ನೀನು? ದವಾಖಾನ್ಯಾಗ ಇದ್ದಿ."

"ಹೋಗೋ ಮೊದಲು ಗಂಟು ನೋಡಬೇಕಾಗಿತ್ತು. ನೋಡಲಿಲ್ಲ. ಮ್ಯಾಲ ಏನೂ ಕೇಳಬ್ಯಾಡ್ರಿ. ಆಕಿನ್ನ ಕಳ್ಳಿ ಮಾಡಬ್ಯಾಡ್ರಿ, ಇಷ್ಟs."

ವೀರಭದ್ರ ಹೆಂಡತಿಯನ್ನೇ ನೋಡಿದ. ಬಕ್ಕಪ್ಪ ನೀರು ಕುಡಿದು ಲೋಟ ಕೆಳಗಿಟ್ಟರು.

"ನಾಳಿ ಕಡ್ಲಿ ಬಿತ್ತತೇನಿ. ಮಾತು ಮಾತs."

"ಹೌದ್ರಿ."

"ಮೀರಾಬಾಯಿಗೆ ಬಾ ಅಂತ ಹೇಳಿಕಳಸ್ತೇನಿ." ತಾಟು ಸರಿಸಿ ಸೇರಿಸಿದರು, "ನಾನs ಹೋಗಿ ಹೇಳ್ತೇನಿ."

ಗಂಡಸರು ಎದ್ದ ಮೇಲೆ ಕಸ್ತೂರಿಬಾಯಿ ಸೊಸೆಯನ್ನು ಕೂರಿಸಿ ತಾವೇ ಬಡಿಸಿದರು. ರೊಟ್ಟಿಯ ಮೇಲೆ ತುಪ್ಪ ಸುರಿದರು, ಬಾಣಂತಿಗೆ ಸುರಿದಂತೆ.

"ಮನಸಿಗೆ ಹಚ್ಚಿಕೋಬ್ಯಾಡವಾ. ಓದಿದವ್ರ ಕೈಲೂ ತಪ್ಪು ಆಗ್ತಾವ. ನಿನ್ನ ಗಂಟು ಸಡ್ಲ ಇರತಾವ, ನಾ ಮೊದಲs ನೋಡಿದ್ದೆ. ಮುಂದ ಬಿತ್ತಿದಾಗ ನಮ್ಮವ್ವನ ಗಂಟು ಕಲಸ್ತೇನಿ. ಒಂದೂ ಬಿಚ್ಚಂಗಿಲ್ಲ."

ದೀಪಾಲಿ ರೊಟ್ಟಿ ಮುರಿದು ಬಾಯಿಗಿಟ್ಟಳು. ನೀರು ಕುಡಿದು ನುಂಗಿದಳು.

"ಕಲಸ್ರಿ ಅತ್ತಿ."

ಉಂಡು ಎದ್ದು ಬಿಸ್ಕತ್ತಿನ ಡಬ್ಬಿಯನ್ನು ಒಲೆಯ ಬಾಯಿಗೆ ಸುರಿದಳು. ದಾರಗಳು ಚಟಚಟ ಸಿಡಿದು ಸುರುಟಿಕೊಂಡವು.

"ಏನ ಸುಡಾಕತ್ತಿದಿ?"

"ಹಳೀ ದಾರ ರೀ."

ಮೇಡಂಗೆ ಹೇಳುವುದಿಲ್ಲ, ಗಂಡನಿಗೂ ಇಲ್ಲ, ನಾಳೆ ಕೂಸು ಬೆಳೆದು ದೊಡ್ಡವಳಾಗಿ ತಾನು ಹುಟ್ಟಿದ ಕತೆ ಕೇಳಿದರೆ ಅವಳಿಗೂ ಇಲ್ಲ. ಅಷ್ಟನ್ನು ದೀಪಾಲಿ ಆ ಉರಿಯ ಮುಂದೆ ಕೂತೇ ನಿಶ್ಚಯಿಸಿದಳು. ಆಮೇಲೆ ಅತ್ತೆಯ ಮಂಡಿಗೆ ಹಚ್ಚಲು ಎಣ್ಣೆ ಬಿಸಿಗಿಟ್ಟಳು.